ಒನ್ನಮ್ಮ, ಎಚ್ ಇಲ್ಲ

ನಮ್ಮ ಹಿತ್ತಿಲ ಗೋಡೆಯ ಮೇಲೆ ಒಂದು ಕಪ್ಪು ತಂತಿ ಹಾದುಹೋಗುತ್ತದೆ. ದೊಡ್ಡಪ್ಪನ ತಾರಸಿಯ ಮೂಲೆಯಿಂದ ಹೊರಟು, ನಡುವೆ ಸ್ವಲ್ಪ ಜೋತುಬಿದ್ದು, ನಮ್ಮ ಅಡುಗೆಮನೆಯ ಕಿಟಕಿಯ ಮೇಲಿನ ತೂತಿನೊಳಕ್ಕೆ ನುಗ್ಗುತ್ತದೆ. ಅದು ಜೋತುಬಿದ್ದ ಕಡೆ ಸೀರೆಯಂಚಿನ ಒಂದು ತುಂಡನ್ನು ಕಟ್ಟಿದ್ದಾರೆ. ಒಂದು ಕಾಲಕ್ಕೆ ಅದು ಕೆಂಪಗಿತ್ತು. ಈಗ ಬಿಸಿಲು ಕುಡಿದು ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಬೆಳಿಗ್ಗೆ ಹಲ್ಲುಜ್ಜುತ್ತ ನಿಂತರೆ ನನ್ನ ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ.

ಕಟ್ಟಿಸಿದ್ದು ನಮ್ಮ ಅವ್ವ, ಎಂದರೆ ಅಪ್ಪನ ತಾಯಿ. ಯಾಕೆ ಎಂದು ಕೇಳಿದ್ದಕ್ಕೆ, "ಕಾಗೆ ಬಂದು ಗುದ್ಕೋಬಾರ್ದು ಅಂತ" ಎಂದಳು. ಕಾಗೆ ಅಷ್ಟು ದಡ್ಡ ಹಕ್ಕಿಯಲ್ಲ, ಕರೆಂಟು ತಂತಿಯ ಮೇಲೆ ಸಂಸಾರ ಮಾಡುವ ಜಾತಿ ಅದು ಎಂದು ನಾನು ವಾದ ಹೂಡಿದೆ. "ನಿಂಗೆ ಎಲ್ಲಾದಕ್ಕೂ ಆದಾರ ಬೇಕು ಕಣೇ ವಕ್ಕೀಲಮ್ಮ. ಕಾಗೆ ಏನು ನಿನ್ ಅತ್ರ ಆದಾರ ಕೇಳ್ತಾ?" ಎಂದು ಅವ್ವ ಒಳಗೆ ಹೋದಳು.

ನಾನು ವಕೀಲಳಲ್ಲ. ಆದರೆ ವಾದ ಮಾಡುವವಳು, ಅದು ನಿಜ. ಹುಟ್ಟುಗುಣ ಎನ್ನುತ್ತಾಳೆ ಅಮ್ಮ. ಸೇಲಂ ಕಾಲೇಜು ಕಲಿಸಿದ ಚಾಳಿ ಎನ್ನುತ್ತಾನೆ ಅಪ್ಪ. ನಮ್ಮ ತಮಿಳುಸೀಮೆಯಲ್ಲಿ ಹಬ್ಬವೆಂದರೆ ಸಿಹಿ ಪೊಂಗಲ್ಲಿನ ಜೊತೆ ಪಟ್ಟಿಮನ್ರಂ ಎಂಬ ವಾದದ ಕೂಟವೂ ಇರಲೇಬೇಕು. ವೇದಿಕೆಯ ಮೇಲೆ ಎರಡು ಗುಂಪು, ನಡುವೆ ತೀರ್ಪು ಹೇಳುವ ಒಬ್ಬ ಹಿರಿಯ, ಎದುರಿಗೆ ಚಪ್ಪಾಳೆಗೆ ಸಿದ್ಧವಾಗಿ ಕುಳಿತ ಜನ. ನಾನು ಅಲ್ಲಿ ಬೆಳೆದವಳು. ಯಾರಾದರೂ "ಇವತ್ತು ಸೆಕೆ" ಎಂದರೆ "ಯಾವುದಕ್ಕೆ ಹೋಲಿಸಿದರೆ?" ಎಂದು ಕೇಳಿಬಿಡುತ್ತೇನೆ. ನನಗೆ ಗೆಳತಿಯರು ಕಡಿಮೆ.

ಒಮ್ಮೆ ನಮಗೆ ಕೊಟ್ಟ ವಿಷಯ, "ಮನೆಗೆ ಬಂದ ಇಂಟರ್‌ನೆಟ್ ಮನೆಯವರನ್ನು ಬೆಸೆಯುತ್ತದೆಯೇ, ಒಡೆಯುತ್ತದೆಯೇ?" ಎಂಬುದು. ನಾನು ಒಡೆಯುವ ಕಡೆ. ಅಪ್ಪ ಅಮ್ಮ ಮಕ್ಕಳು ಒಂದೇ ಸೂರಿನಡಿ ಬೇರೆ ಬೇರೆ ಪರದೆ ನೋಡುವ ಕತೆಯನ್ನು ಎಲ್ಲರೂ ಹೇಳುತ್ತಾರೆ ಎಂದು ನಾನು ಭಾಷೆಯನ್ನು ಹಿಡಿದೆ. "ಬರೆಯದ ಭಾಷೆಗೆ ಆ ಬಲೆಯಲ್ಲಿ ಜಾಗವಿಲ್ಲ. ಬಲೆಯಲ್ಲಿ ಜಾಗವಿಲ್ಲದ ಭಾಷೆಗೆ ನಾಳೆ ಬಾಯಲ್ಲೂ ಜಾಗವಿರುವುದಿಲ್ಲ. ಮನೆಗೆ ಬರುವ ಪ್ರತಿ ತಂತಿಯೂ ಒಬ್ಬ ಅಜ್ಜಿಯ ನಾಲಿಗೆಗೆ ಹಾಕುವ ಗಂಟು" ಎಂದೆ. ಇದನ್ನೆಲ್ಲ ಹೇಳಿದ್ದು ತಮಿಳಿನಲ್ಲಿ, ಅದೂ ಚೊಕ್ಕ ತಮಿಳಿನಲ್ಲಿ. ಚಪ್ಪಾಳೆಗೆ ಪೆಂಡಾಲು ಅದುರಿತು. ಗೆದ್ದವರಿಗೆ ಎವರ್‌ಸಿಲ್ವರ್ ತೂಕು ಕೊಟ್ಟರು. ತೂಕು ಎಂದರೆ ಮೇಲೆ ಹಿಡಿ ಇರುವ, ಹಾಲು ತರುವ ಸ್ಟೀಲ್ ಪಾತ್ರೆ.

ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಮಾತಾಡಿದ್ರೆ ಪಾತ್ರೆ ಕೊಡ್ತಾರಾ? ಇನ್ನೂ ಒಂದ್ ದಪ ಓಗಿ ಮಾತಾಡ್ಬಿಟ್ಟು ಬಾ. ನಮ್ಮನೇಲಿ ನೀರಿನ ಕೊಡ ಓಟೆ ಬಿದ್ದೈತೆ."

ಓದುವವರಿಗೆ ಒಂದು ಅನುಮಾನ ಬಂದಿರಬಹುದು. ತಮಿಳಿನಲ್ಲಿ ಓದಿದವಳು ಈ ಕನ್ನಡ ಎಲ್ಲಿಂದ ಬರೆಯುತ್ತಿದ್ದಾಳೆ? ನಮ್ಮದು ಸೇಲಂ ಹತ್ತಿರದ ಎಡಪ್ಪಾಡಿ. ನೇಯುವ ಮನೆ. ಬೀದಿಗಿಳಿದರೆ ತಮಿಳು, ಹೊಸಿಲು ದಾಟಿ ಒಳಗೆ ಬಂದರೆ ಕನ್ನಡ, ಅದು ಯಾವ ಕಾಲದಿಂದಲೋ ಹಾಗೇ ನಡೆದುಬಂದಿದೆ. ಅಪ್ಪನಿಗೂ ದೊಡ್ಡಪ್ಪನಿಗೂ ಕನ್ನಡದ ಒಂದಕ್ಷರ ಬರೆಯಲು ಬಾರದು; ಕನ್ನಡವೆಂದರೆ ಅವರಿಗೆ ಮಾತು, ಬೈಗುಳ, ತೊಟ್ಟಿಲು ತೂಗುವ ದನಿ. ಅಕ್ಷರಗಳನ್ನು ನಾನು ಕಲಿತದ್ದು ಮೊಬೈಲಿನಲ್ಲಿ ವಿಡಿಯೋ ನೋಡಿ. ತಾರಸಿ ಹತ್ತಿ, ಸಿಗ್ನಲ್ ಸಿಗುವ ನೀರಿನ ತೊಟ್ಟಿಯ ಪಕ್ಕ ಕುಳಿತು, ಒಂದು ಅಕ್ಷರ ಬರುವಷ್ಟರಲ್ಲಿ ಪರದೆಯ ನಡುವೆ ಒಂದು ಚಕ್ರ ತಿರುಗಿ, ಅದು ನಿಂತ ಮೇಲೆ ಮತ್ತೊಂದು ಅಕ್ಷರ. ಹಾಗೆ ಸುತ್ತಿಸುತ್ತಿ ವರ್ಣಮಾಲೆಯ ಕೊನೆಗೆ ಬಂದಾಗ 'ಹ' ಸಿಕ್ಕಿತು.

ಆ ಅಕ್ಷರ ನನಗೆ ಹೊಸದು. ನಮ್ಮ ಮನೆಯ ಕನ್ನಡದಲ್ಲಿ 'ಹ' ಇಲ್ಲವೇ ಇಲ್ಲ. ನಮಗೆ ಹೂವು ಊವು, ಹಲ್ಲು ಅಲ್ಲು, ಹಾಲು ಆಲು. ನಾವು ಓಗುತ್ತೇವೆ, ಏಳುತ್ತೇವೆ. ಬೀದಿಗೆ ಹೋದರೆ ಅದೇ ತಮಿಳಿನಲ್ಲಿ ಪೂ, ಪಲ್ಲು, ಪಾಲು. ಮೊದಲು ಪಕಾರವಿತ್ತಂತೆ, ಅದು ಕನ್ನಡದಲ್ಲಿ ಸವೆದು ಹಕಾರವಾಯಿತಂತೆ. ನಮ್ಮಲ್ಲಿ ಆ ಹಕಾರವೂ ಸವೆದು ಗಾಳಿಯಾಗಿದೆ. ಇದನ್ನು ತಿಳಿದ ದಿನ ನನಗೆ ಕೋಡು ಮೂಡಿತು. ಇಡೀ ಮನೆಯನ್ನು ತಿದ್ದಲು ಹೊರಟೆ. "ಊವು ಅಲ್ಲಮ್ಮ, ಹೂವು" ಎಂದೆ. ಅಮ್ಮ ಮಲ್ಲಿಗೆ ಕಟ್ಟುತ್ತ, "ಅಂಗಂದ್ರೆ ವಾಸನೆ ಜಾಸ್ತಿ ಬರ್ತದಾ?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ ಎಂದಲ್ಲ. ಮೂರಿದ್ದವು. ಕೇಳುವವರಿರಲಿಲ್ಲ.

ಇನ್ನು ಅವ್ವನ ಹೆಸರು. ಆಕೆ ಮನೆಯಲ್ಲಿ ಒನ್ನಮ್ಮ. ರೇಷನ್ ಕಾರ್ಡಿನಲ್ಲಿ ಪೊನ್ನಮ್ಮಾಳ್, ಏಕೆಂದರೆ ಬರೆದುಕೊಂಡವನು ತಮಿಳಿನವನು. 'ಒನ್ನ' ಎಂದರೆ ಅವನಿಗೆ ಅರ್ಥವಾಗಲಿಲ್ಲ, ಚಿನ್ನವೆಂದರೆ ಪೊನ್ ಅಲ್ಲವೇ ಎಂದು ತಾನೇ ಸರಿಮಾಡಿಕೊಂಡ. ಪುಸ್ತಕದ ಕನ್ನಡದಲ್ಲಾದರೆ ಹೊನ್ನಮ್ಮ. ಒಬ್ಬ ಮುದುಕಿ, ಮೂರು ಹೆಸರು. ಅವಳು ಓ ಎನ್ನುತ್ತಿದ್ದದ್ದು ಒಂದಕ್ಕೆ ಮಾತ್ರ.

ಆದರೆ ಆ ಒಂದು ಹೆಸರನ್ನು ಹಿಡಿದು ಕರೆಯುವವರು ಎಷ್ಟು ಜನ ಉಳಿದಿದ್ದರು? ಗಂಡ ಇದ್ದಾಗಲೂ ಹೆಸರು ಹಿಡಿದು ಕರೆದವನಲ್ಲವಂತೆ. ಮಕ್ಕಳಿಗೆ, ಮೊಮ್ಮಕ್ಕಳಿಗೆ, ಬೀದಿಗೆಲ್ಲ ಅವಳು ಅವ್ವ. ಹೆಸರು ಹಿಡಿದು, ಅದನ್ನೂ ಮುರಿದು "ಒನ್ನಾ" ಎಂದು ಕರೆಯುತ್ತಿದ್ದವಳು ಒಬ್ಬಳೇ: ಅವಳ ತಂಗಿ. ಧರ್ಮಪುರಿ ಜಿಲ್ಲೆಯ ಹರೂರಿಗೆ ಮದುವೆಯಾಗಿ ಹೋದವಳು. ಆ ಊರಿಗೂ ಇದೇ ಪಾಡು ನೋಡಿ. ಬಸ್ಸಿನ ಇಂಗ್ಲಿಷ್ ಬೋರ್ಡಿನಲ್ಲಿ ಮೊದಲಿಗೆ ಒಂದು ಎಚ್ ಇರುತ್ತದೆ. ತಮಿಳು ಬೋರ್ಡಿನಲ್ಲಿ ಬರೀ ಅರೂರ್. ಹಾಗಾಗಿ ಆಕೆ ನಮಗೆ ಅರೂರವ್ವ.

ಅಕ್ಕತಂಗಿಯರು ಚಿಕ್ಕವರಿದ್ದಾಗ ಒಂದೇ ಮಗ್ಗದ ಪಕ್ಕ ಕೂತು ಕಂಡಿಕೆಗೆ ನೂಲು ಸುತ್ತಿದವರು. ಅರೂರವ್ವ ಮದುವೆಯಾದ ಮೇಲೆ ನೇಯ್ಗೆ ಬಿಟ್ಟಳು, ಕನ್ನಡವನ್ನೂ ಬಿಟ್ಟಳು. ಗಂಡನ ಕಡೆಯವರಿಗೆ ಅಷ್ಟೋ ಇಷ್ಟೋ ಬರುತ್ತಿತ್ತಾದರೂ ಪೇಟೆಯ ಮನೆಯಲ್ಲಿ ತಮಿಳೇ ನಡೆಯುತ್ತಿತ್ತು. ಮಗ ಲಾರಿಯ ಮೇಲೆ ಊರೂರು. ಸೊಸೆ ಮಲರ್ ತಮಿಳಿನವಳು, ಒಳ್ಳೆಯವಳು. ವರ್ಷಕ್ಕೊಮ್ಮೆ ಅಕ್ಕ ಹೋದಾಗ, ಇಲ್ಲವೇ ತಂಗಿ ಬಂದಾಗ, ಇಬ್ಬರೂ ಹಿತ್ತಿಲಲ್ಲಿ ಕೂತರೆ ಆಗ ನೋಡಬೇಕಿತ್ತು. ಯಾರಿಗೂ ಅರ್ಥವಾಗದಷ್ಟು ವೇಗದ ಕನ್ನಡ. ಮಲರ್ ನಗುತ್ತ, "ರೇಡಿಯೋಲ ಸ್ಟೇಷನ್ ಮಾರಿಪೋಚ್ಚು" ಎನ್ನುತ್ತಿದ್ದಳು, ರೇಡಿಯೋದಲ್ಲಿ ಸ್ಟೇಷನ್ ಬದಲಾಯಿತು ಎಂದು.

ಒಂದು ಬೆಳಿಗ್ಗೆ ಅರೂರವ್ವ ಬಚ್ಚಲಲ್ಲಿ ಬಿದ್ದಳು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಸ್ವಲ್ಪ ಸೋತಿತ್ತು, ನಾಲಿಗೆ ದಪ್ಪಗಾಗಿತ್ತು. ತಮಿಳು ಪೂರ್ತಿ ಹೋಗಿತ್ತು. ಕೊನೆಗೆ ಕಲಿತದ್ದು ಮೊದಲು ಹೋಗುವುದುಂಟು ಎಂದು ಡಾಕ್ಟರು ಹೇಳಿದರಂತೆ. ನಾನು ನಂಬಲಿಲ್ಲ. ಅರವತ್ತು ವರ್ಷ ಆಡಿದ ಭಾಷೆ ಹೋಗಿ, ವರ್ಷಕ್ಕೊಮ್ಮೆ ಆಡಿದ್ದು ಉಳಿಯುವುದು ಯಾವ ನ್ಯಾಯ? ಆದರೆ ಮಿದುಳಿನಲ್ಲಿ ಬೇರೆ ನ್ಯಾಯ ನಡೆಯುತ್ತದೆ ಎಂದು ಕಾಣುತ್ತದೆ.

ಮಲರ್ ಫೋನ್ ಮಾಡಿದ್ದು ಅಳುತ್ತ. "ಅತ್ತೆ ಏನೂ ತಿನ್ನುತ್ತಿಲ್ಲ. ಬೆಳಿಗ್ಗೆಯಿಂದ 'ಆಳು, ಆಳು' ಅಂತಾರೆ. ಯಾವ ಆಳು, ಯಾವ ಮನುಷ್ಯ ಎಂದು ಗೊತ್ತಾಗುತ್ತಿಲ್ಲ. ಪಕ್ಕದ ಮನೆಯವರನ್ನು ಕರೆದೆ. ಹೂವಿನವಳನ್ನು ಕರೆದೆ. ಹಾಲಿನವನು ಬಂದಿದ್ದ, ಅವನನ್ನೂ ಒಳಗೆ ಕರೆದು ಮುಂದೆ ನಿಲ್ಲಿಸಿದೆ. ಅವನನ್ನು ನೋಡಿ ಕೈ ಚಾಚಿದರು, ಆಮೇಲೆ ಜೋರಾಗಿ ಅತ್ತರು" ಎಂದಳು ತಮಿಳಿನಲ್ಲಿ.

ನಾನು ಇದನ್ನು ಅವ್ವನಿಗೆ ಹೇಳಿದೆ. ಅವ್ವ ಹಣೆ ಬಡಿದುಕೊಂಡಳು. "ಅಯ್ಯೋ ಮೂದೇವಿ! ಆಲು ಕಣೇ, ಆಲು! ಪಾಲು! ಆಲಿನೋನ್ನ ಎದುರ್ಗೆ ನಿಲ್ಸವ್ಳೆ, ಆಲು ಕೊಟ್ಟಿಲ್ಲ!"

ಕ್ಯಾನಿನಲ್ಲಿ ಹಾಲು ಹಿಡಿದ ಮನುಷ್ಯನನ್ನೇ ಎದುರಿಗೆ ತಂದು ನಿಲ್ಲಿಸಿ, ಅವನನ್ನು ಆಳು ಎಂದು ಎಣಿಸಿ, ಹಾಲನ್ನು ಮಾತ್ರ ವಾಪಸು ಕಳಿಸಿದ್ದರು. ನಾನು ನಕ್ಕೆ. ಅಪ್ಪನೂ ನಕ್ಕ. ಅವ್ವ ನಗಲಿಲ್ಲ. "ಬಾಯಿ ಇದ್ದೂ ಮೂಕಿ ಆದ್ಲಲ್ಲೇ ನನ್ ತಂಗಿ" ಎಂದಳು.

ಆಮೇಲೆ ಅವ್ವನಿಗೆ ಇದ್ದದ್ದು ಒಂದೇ ಕೆಲಸ: ದಿನವೂ ತಂಗಿಯ ಹತ್ತಿರ ಮಾತಾಡಿ, ಅವಳು ಕೇಳುವುದೇನೆಂದು ಮಲರ್‌ಗೆ ತಿಳಿಸುವುದು. ಸೇಲಂಗೆ ಒಂದು ಬಸ್ಸು, ಅಲ್ಲಿಂದ ಹರೂರಿಗೆ ಇನ್ನೊಂದು. ಅವಳ ಮಂಡಿಗೆ ಆಗುವ ಮಾತಲ್ಲ. ಬರೀ ಫೋನು ಸಾಲಲಿಲ್ಲ. ಮುಖ ಕಾಣದ ದನಿಯನ್ನು ಅರೂರವ್ವ ಗುರುತಿಸುತ್ತಿರಲಿಲ್ಲ, ಫೋನನ್ನು ದೂರ ತಳ್ಳುತ್ತಿದ್ದಳು. ಮೊಬೈಲಿನಲ್ಲಿ ವಿಡಿಯೋ ಹಾಕಿದರೆ ಚಿತ್ರ ನಿಂತು ನಿಂತು ಬರುತ್ತಿತ್ತು. ಬಾಯಿ ತೆರೆದಲ್ಲೇ ತಂಗಿಯ ಮುಖ ನಿಂತುಬಿಟ್ಟರೆ ಅವ್ವನ ಜೀವ ಹೋಗುತ್ತಿತ್ತು: "ನೋಡೇ, ಏನೋ ಆಯ್ತು, ಏನೋ ಆಯ್ತು ಅವ್ಳಿಗೆ!" ಮಲರ್ ಮನೆಯಲ್ಲಿ ಮಗಳ ಓದಿಗೆಂದು ಆಗಲೇ ಬ್ರಾಡ್‌ಬ್ಯಾಂಡ್ ಇತ್ತು. ಇಲ್ಲದ್ದು ನಮ್ಮಲ್ಲಿ.

ನಮ್ಮಲ್ಲಿ ಯಾಕಿರಲಿಲ್ಲ ಎಂದರೆ, ಒಂದು ಗೋಡೆಯ ಕಾರಣ. ಅಪ್ಪನೂ ದೊಡ್ಡಪ್ಪನೂ ಒಂದೇ ಮನೆಯನ್ನು ಎರಡು ಮಾಡಿಕೊಂಡವರು. ದೊಡ್ಡಪ್ಪ ಕೈಮಗ್ಗ ತೆಗೆದು ಪವರ್‌ಲೂಮ್ ಹಾಕಿದ. ಅಪ್ಪ ಕೈಮಗ್ಗವನ್ನು ಬಿಡಲಿಲ್ಲ. ಅವನ ಯಂತ್ರದ ಸದ್ದಿಗೆ ತನ್ನ ಲಾಳಿಯ ಸದ್ದು ತನಗೇ ಕೇಳುವುದಿಲ್ಲ ಎಂದು ಅಪ್ಪ. ಹೊಟ್ಟೆಕಿಚ್ಚಿಗೆ ಕಿವಿ ಚುರುಕು ಎಂದು ದೊಡ್ಡಪ್ಪ. ನಡುವೆ ಗೋಡೆ ಎದ್ದಿತು. ಅಂದಿನಿಂದ ಅಣ್ಣತಮ್ಮ ಮಾತಾಡಿಲ್ಲ. ಅವ್ವ ಮಾತ್ರ ಅಮಾವಾಸೆಯಿಂದ ಅಮಾವಾಸೆಗೆ ಮನೆ ಬದಲಿಸುತ್ತಾಳೆ. ನಮ್ಮ ಕಡೆ ಅಮಾವಾಸೆಯೆಂದರೆ ಮಗ್ಗಕ್ಕೆ ರಜ. ಆ ದಿನ ಬೀದಿಯೇ ಸುಮ್ಮನಿರುತ್ತದೆ, ಆ ಮೌನದಲ್ಲಿ ಅವ್ವ ತನ್ನ ಗಂಟು, ಎಲೆಯಡಿಕೆ ಡಬ್ಬಿ ಹಿಡಿದು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ನಡೆಯುತ್ತಾಳೆ. ಒಬ್ಬ ಮಗನ ತಿಂಗಳಲ್ಲಿ ಇನ್ನೊಬ್ಬನ ಹೊಸಿಲು ತುಳಿಯುವುದಿಲ್ಲ, ಒಂದು ಲೋಟ ನೀರನ್ನೂ ಕೇಳುವುದಿಲ್ಲ. ಒಂದು ಮನೆಯ ದೂರನ್ನು ಇನ್ನೊಂದಕ್ಕೆ ಹೊರುವುದಿಲ್ಲ. ಇದು ಅವಳೇ ಮಾಡಿಕೊಂಡ ಕಾನೂನು.

ಇಂಟರ್‌ನೆಟ್ ಕೊಡುವ ಸೆಲ್ವಂ ಹಿಂದೆ ಕೇಬಲ್ ಟಿವಿ ಸೆಲ್ವಂ ಆಗಿದ್ದವನು. ಅವನು ಬಂದು ನೋಡಿ, ಕಂಬ ದೊಡ್ಡಪ್ಪನ ಮನೆಯ ಮುಂದಿದೆ, ತಂತಿ ಅವರ ತಾರಸಿಯ ಮೇಲೇ ಬರಬೇಕು ಎಂದ. ದೊಡ್ಡಪ್ಪ ಬೇಡ ಎನ್ನಲಿಲ್ಲ. "ಬೇಕಾದೋರು ಬಂದು ಕೇಳ್ಲಿ" ಎಂದ. ಅಪ್ಪ ಕೇಳುವವನಲ್ಲ. ಸೆಲ್ವಂ ತಂತಿಯ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬೀದಿಯಲ್ಲಿ ನಿಂತು ಎರಡೂ ಬಾಗಿಲುಗಳನ್ನು ನೋಡುತ್ತಿದ್ದ.

ಅವ್ವ ಆಗ ನಮ್ಮ ಮನೆಯ ತಿಂಗಳಿನಲ್ಲಿದ್ದಳು. ಆ ಬಾಗಿಲಿಗೆ ಹೋಗುವಂತಿಲ್ಲ. ಹಿತ್ತಿಲಿಗೆ ಬಂದು, ಗೋಡೆಯ ಪಕ್ಕ ಒರಳುಕಲ್ಲಿನ ಮೇಲೆ ಹತ್ತಿ ನಿಂತು ಕೂಗಿದಳು. "ಲೇ ದೊಡ್ಡೋನೇ! ಮಿಷಿನ್ನು ನಿಲ್ಲಿಸ್ಲಾ!" ಯಂತ್ರ ನಿಂತಿತು. "ಇದು ನಿನ್ ತಮ್ಮನ ಕಂಬಿ ಅಲ್ಲ ಕಣ್ಲಾ. ನನ್ ತಂಗಿ ಕಂಬಿ. ಬಿಡ್ತೀಯೋ ಇಲ್ವೋ?"

ಅವಳಿಗೆ ಕಂಬಿ ಎಂದರೆ ತಂತಿ. ಗೋಡೆಯಾಚೆಯಿಂದ ದೊಡ್ಡಪ್ಪನ ದನಿ: "ಕೆಳಗಿಳಿ ಮೊದ್ಲು. ಬಿದ್ದುಗಿದ್ದೀಯ." ಸೆಲ್ವಂ ಅದನ್ನೇ ಒಪ್ಪಿಗೆ ಎಂದು ತಿಳಿದು ಏಣಿ ಹಾಕಿದ.

ತಂತಿಯ ತುದಿಯನ್ನು ಕೂಡಿಸುವಾಗ ಅವ್ವ ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ಕಪ್ಪು ಸಿಪ್ಪೆ ಸುಲಿದರೆ ಒಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ. "ಇಷ್ಟೇನಾ? ಇದ್ರಾಗೆ ಅವ್ಳು ಇಡಿಸ್ತಾಳಾ?" ಎಂದು ಕೇಳಿದಳು. ಅರೂರವ್ವ ಆಗಿನ್ನೂ ಸ್ವಲ್ಪ ದಪ್ಪ. ಕೆಲಸ ಮುಗಿದ ಮೇಲೆ ತಂಗಿ ಯಾವಾಗಲೋ ಕೊಟ್ಟಿದ್ದ ಹಳೆಯ ಸೀರೆಯ ಅಂಚನ್ನು ಹರಿದು, ನನ್ನನ್ನು ಏಣಿ ಹತ್ತಿಸಿ, ತಂತಿಗೆ ಕಟ್ಟಿಸಿದಳು. ಕಾಗೆಯ ಕತೆ ಹುಟ್ಟಿದ್ದು ಆಗ.

ಇಬ್ಬರೂ ಮಾತಾಡುವುದನ್ನು ನೀವು ಕೇಳಬೇಕಿತ್ತು.

"ಒನ್ನಾ."

"ಊಂ ಕಣೇ. ಆಲು ಕುಡಿದ್ಯಾ?"

"ಸಪ್ಪೆ."

"ಸಪ್ಪೆನಾ? ಮಲರೂ, ಸಕ್ಕರೆ ಕಮ್ಮಿಯಾಂ. ಇನ್ನೂ ಒಂದು ಸ್ಪೂನ್ ಪೋಡು."

"ಡಾಕ್ಟರ್ ಬೇಡ ಅಂದಿದ್ದಾರೆ, ಪೆರಿಯತ್ತೆ" ಎಂದು ಮಲರ್ ತಮಿಳಿನಲ್ಲಿ. ಪೆರಿಯತ್ತೆ ಎಂದರೆ ದೊಡ್ಡತ್ತೆ.

"ಏನಂತಾಳೆ ಅವ್ಳು?" ಎಂದು ಅರೂರವ್ವ.

"ಆಕ್ತೀನಿ ಅಂತಾಳೆ" ಎಂದು ನಮ್ಮವ್ವ ರಾಜಿ ಮಾಡಿಸುವಳು.

ಸುಳ್ಳು ಹೇಳುವ ದುಭಾಷಿಯನ್ನು ನಾನು ಮೊದಲ ಸಲ ನೋಡಿದ್ದು ಆಗ. ನನಗೆ ಆಕ್ಷೇಪಣೆ ಇತ್ತು. ಆದರೆ ಅರೂರವ್ವ ಊಟ ಮಾಡತೊಡಗಿದ್ದಳು. ಮಲರ್ ನಿದ್ದೆ ಮಾಡತೊಡಗಿದ್ದಳು. ನನ್ನ ಪಟ್ಟಿಮನ್ರದ ವಾದಕ್ಕೆ ಇದರಿಂದ ಪೆಟ್ಟು ಬೀಳುವುದಿಲ್ಲ, ಒಂದು ಮನೆಯ ಕತೆ ಸಾಕ್ಷಿಯಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅಮಾವಾಸೆ ಬಂತು. ಅವ್ವ ಗಂಟು ಹಿಡಿದು ಗೋಡೆಯಾಚೆ ಹೋದಳು. ತೊಂದರೆ ಏನಿಲ್ಲ, ವೈಫೈಗೆ ಗೋಡೆ ಲೆಕ್ಕವಿಲ್ಲ. ದೊಡ್ಡಪ್ಪನ ಹಿಂದಿನ ಕೋಣೆಯ ತನಕ ಚೆನ್ನಾಗಿ ಸಿಗುತ್ತದೆ ಎಂದು ನಾನೇ ಪರೀಕ್ಷೆ ಮಾಡಿದ್ದೆ. ದೊಡ್ಡಪ್ಪನ ಜೊತೆ ನನಗೆ ಮಾತಿದೆ. ಗೋಡೆಯ ಈಚೆಯಿಂದಲೇ ಕೂಗಿ ಹೇಳಿದೆ: "ಪಾಸ್‌ವರ್ಡು ಅವ್ವನ ಹೆಸರೇ ದೊಡ್ಡಪ್ಪ. ಇಂಗ್ಲಿಷಲ್ಲಿ, ಎಲ್ಲಾ ಸಣ್ಣಕ್ಷರ."

"ಸರಿ ಬುಡು" ಎಂದ.

ಆ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ತಾಯಿಯ ಹೆಸರನ್ನು ಮಗನಿಗೆ ಯಾರಾದರೂ ಹಾಗೆ ಬಿಡಿಸಿ ಹೇಳುತ್ತಾರೆಯೇ?

ದಿನಗಳು ಕಳೆದವು. ಗೋಡೆಯಾಚೆ ಯಂತ್ರದ ಸದ್ದು, ಅದರೊಳಗೆ ಯಾರ ಮಾತೂ ಕೇಳಿಸುವುದಿಲ್ಲ. ಅಕ್ಕತಂಗಿಯರು ಮಾತಾಡುತ್ತಿರಬೇಕು ಎಂದು ನಾವು ನೆಮ್ಮದಿಯಾಗಿದ್ದೆವು. ಅಷ್ಟರಲ್ಲಿ ಮಲರ್ ನನಗೆ ಫೋನ್ ಮಾಡಿದಳು.

"ಪೆರಿಯತ್ತೆಗೆ ಹುಷಾರಿಲ್ಲವಾ? ಯಾಕೆ ಫೋನೇ ಮಾಡುತ್ತಿಲ್ಲ? ಇಲ್ಲಿ ಅತ್ತೆ ಮತ್ತೆ ಊಟ ಬಿಟ್ಟಿದ್ದಾರೆ. ಹಾಲು ಕೊಟ್ಟರೂ ಬೇಡ. 'ಒಣ್ಣು, ಒಣ್ಣು' ಅಂತಾರೆ."

ಒಣ್ಣು ಎಂದರೆ ತಮಿಳಿನಲ್ಲಿ ಒಂದು.

"ಏನು ಒಂದು?" ಎಂದು ಕೇಳಿದೆ.

"ಅದೇ ಗೊತ್ತಾಗುತ್ತಿಲ್ಲ. ಒಂದು ಇಡ್ಲಿ ಕೊಟ್ಟೆ. ಒಂದು ಬಾಳೆಹಣ್ಣು ಕೊಟ್ಟೆ. ಒಂದು ಮಾತ್ರೆಯಾ ಎಂದು ತೋರಿಸಿದೆ. ಯಾವುದನ್ನು ಒಂದು ಕೊಟ್ಟರೂ ತಲೆ ಆಡಿಸಿ, ಮತ್ತೆ ಒಣ್ಣು ಅಂತಾರೆ. ಇರು, ನೀನೇ ಕೇಳು."

ಫೋನು ಅರೂರವ್ವನ ಬಾಯಿಯ ಹತ್ತಿರ ಹೋಯಿತು. ಮೊದಲು ಬರೀ ಉಸಿರು. ಆಮೇಲೆ, ದಪ್ಪ ನಾಲಿಗೆಯಲ್ಲಿ, ಮಗು ಕರೆಯುವ ಹಾಗೆ: "ಒನ್ನಾ... ಒನ್ನಾ..."

ಅವಳು ಕೇಳುತ್ತಿದ್ದದ್ದು ಅಕ್ಕನನ್ನು. ಆ ಹೆಸರು ಕಿವಿಗೆ ಬಿದ್ದ ಕೂಡಲೇ ಇನ್ನೊಂದೂ ಗೊತ್ತಾಯಿತು. ಪಾಸ್‌ವರ್ಡನ್ನು ನಾನು ಎಚ್ ಹಾಕಿ ಬರೆದಿದ್ದೆ. ಹೊಸದಾಗಿ ಹಕಾರ ಕಲಿತವಳ ಜಂಬ. ಸರಿಯಾದ ಕನ್ನಡ ಈ ಮನೆಯಲ್ಲಿ ಒಂದು ಕಡೆಯಾದರೂ ಇರಲಿ ಎಂದು ಹೊನ್ನಮ್ಮ ಎಂದು ಇಟ್ಟಿದ್ದೆ. ಈ ಬೀದಿಯಲ್ಲಿ ಆ ಹೆಸರಿನ ಹೆಂಗಸು ಯಾವತ್ತೂ ಇರಲಿಲ್ಲ.

ದೊಡ್ಡಪ್ಪನ ಮನೆಗೆ ಬೀದಿ ಬಾಗಿಲಿನಿಂದಲೇ ಹೋದೆ. ಅವನು ಯಂತ್ರ ನಿಲ್ಲಿಸಿ ಬಂದ. ನನ್ನನ್ನು ನೋಡಿದ ಕೂಡಲೇ ಅವನ ಮುಖ ಬಿಗಿಯಿತು.

"ಏನಮ್ಮ, ಎಂಗೈತೆ ನಿಮ್ಮಪ್ಪನ ನೆಟ್ಟು? ಕಂಬಿ ಬೇಕಾದಾಗ ನನ್ ತಾರಸಿ ಬೇಕು. ಪಾಸ್‌ವರ್ಡು ಕೇಳಿದ್ರೆ ಪೊಯ್ಯಿ ಏಳೋದು!"

"ಸುಳ್ಳಲ್ಲ ದೊಡ್ಡಪ್ಪ. ಹೆಸರು ಸರಿನೇ."

"ಸರಿನಾ? ಒನ್ನಮ್ಮ ಅಂತ ಟೈಪ್ ಒಡೆದೆ. ಬರ್ಲಿಲ್ಲ. ಕಾರ್ಡಲ್ಲಿ ಇರೋ ಅಂಗೆ ಪೊನ್ನಮ್ಮ ಒಡೆದೆ. ಬರ್ಲಿಲ್ಲ. ನಮ್ಮವ್ವನ ಎಸ್ರು ನಂಗೇ ಗೊತ್ತಿಲ್ವಾ?"

"ಮುಂದೆ ಒಂದು ಎಚ್ ಐತೆ ದೊಡ್ಡಪ್ಪ."

"ಎಚ್ಚಾ? ಅದೆಲ್ಲಿಂದ ಬಂತು?"

"ಪುಸ್ತಕದಲ್ಲಿ ಹಾಗೇ ಇರೋದು."

ದೊಡ್ಡಪ್ಪ ನನ್ನನ್ನೇ ನೋಡಿದ. ಅವನಿಗೆ ಸಿಟ್ಟು ಇಳಿದು ಬೇರೆ ಏನೋ ಬಂದಂತಿತ್ತು. "ಪುಸ್ತಕ ಬರೆದೋರು ನಮ್ಮವ್ವನ್ನ ನೋಡವ್ರಾ?"

ಇದಕ್ಕೆ ಉತ್ತರ ಕೊಡುವುದು ಕಷ್ಟವೇನಲ್ಲ. ಒಂದು ಹೆಸರಿನ ರೂಪವೂ ಆ ಹೆಸರಿನ ಮನುಷ್ಯರೂ ಬೇರೆ ಬೇರೆ ಎನ್ನಬಹುದು. ಬರವಣಿಗೆಗೆ ಒಂದು ಕಟ್ಟಳೆ ಬೇಕು ಎನ್ನಬಹುದು. ವೇದಿಕೆಯ ಮೇಲಾಗಿದ್ದರೆ ಚಪ್ಪಾಳೆಯೂ ಬರುತ್ತಿತ್ತು. ಅಲ್ಲಿ, ಹತ್ತಿಯ ಧೂಳು ಹಾರುವ ಆ ಕೋಣೆಯಲ್ಲಿ, ಮೂಲೆಯ ಚಾಪೆಯ ಮೇಲೆ ಅವ್ವ ಕೂತಿದ್ದಳು. ಕೈಯಲ್ಲಿ ದೊಡ್ಡಪ್ಪನ ಫೋನು, ಕಪ್ಪಗೆ. ಆ ಹೊತ್ತಿಗೆ ದಿನವೂ ಅದನ್ನು ಹಿಡಿದು ಕೂರುತ್ತಿದ್ದಳಂತೆ, ತಂಗಿಯ ಊಟದ ಹೊತ್ತಿಗೆ. ಬಾರದಿದ್ದರೆ ವಾಪಸು ಕೊಟ್ಟುಬಿಡುತ್ತಿದ್ದಳಂತೆ. ಯಾಕೆ ಕೂಗಿ ಹೇಳಲಿಲ್ಲ ಎಂದು ಕೇಳಿದೆ.

"ಈ ಮನೇಲಿ ಇದ್ಕಂಡು ಆ ಮನೆ ಮೇಲೆ ಏನಂತ ಏಳ್ಲಿ?" ಎಂದಳು ಅವ್ವ.

ಎಚ್ ಒಂದನ್ನು ಸೇರಿಸಿಕೋ ಎಂದು ದೊಡ್ಡಪ್ಪನಿಗೆ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಮನೆಗೆ ಓಡಿಹೋಗಿ ಪಾಸ್‌ವರ್ಡನ್ನೇ ಬದಲಿಸಿದೆ. ಬರೆಯುವಾಗ ಬೆರಳು ಅಭ್ಯಾಸಕ್ಕೆ ಎಚ್ ಮೇಲೆ ಹೋಯಿತು. ತೆಗೆದೆ. ಗೋಡೆಯ ಈಚೆಯಿಂದ ಕೂಗಿದೆ: "ಒನ್ನಮ್ಮ ದೊಡ್ಡಪ್ಪ! ಎಚ್ ಇಲ್ಲ!"

ಮಗ್ಗದ ಮುಂದೆ ಕೂತಿದ್ದ ಅಪ್ಪ ತಲೆ ಎತ್ತಿ ನೋಡಿದ. "ಅದೇ ತಾನೇ ಎಸ್ರು? ಮೊದ್ಲು ಏನಿಟ್ಟಿದ್ದೆ?" ಎಂದ. ಅಣ್ಣತಮ್ಮಂದಿರು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದನ್ನು ನಾನು ಮೊದಲ ಬಾರಿ ಕಂಡೆ, ಅದೂ ನನ್ನ ವಿರುದ್ಧ.

ಗೋಡೆಯಾಚೆ ಯಂತ್ರ ನಿಂತೇ ಇತ್ತು. ಅದರಿಂದ ಎಲ್ಲವೂ ಕೇಳಿಸಿತು. ಫೋನು ಹೋಗುವ ಸದ್ದು. ಮಲರ್ ದನಿ. ಆಮೇಲೆ ಅವ್ವನ ದನಿ: "ಊಂ ಕಣೇ. ನಾನೇ. ಎಲ್ಲೂ ಓಗಿಲ್ಲ. ಆಲು ಕುಡಿ."

ಆ ದಿನಗಳು ಅರೂರವ್ವನಿಂದ ಏನನ್ನೋ ಕಿತ್ತುಕೊಂಡಿದ್ದವೋ, ಇಲ್ಲವೇ ಅದು ಹೇಗೂ ಹೋಗುವುದಿತ್ತೋ, ನನಗೆ ಗೊತ್ತಿಲ್ಲ. ಆಧಾರವಿಲ್ಲದೆ ಹೇಳಬಾರದು. ಆಮೇಲೆ ಅವಳ ಕನ್ನಡವೂ ಕಮ್ಮಿಯಾಗುತ್ತ ಬಂತು. ಸಪ್ಪೆ ಹೋಯಿತು, ಸಾಕು ಹೋಯಿತು, ಮಗನ ಹೆಸರು ಹೋಯಿತು. ಕೊನೆಗೆ ಎರಡು ಉಳಿದವು, ಆಲು ಮತ್ತು ಒನ್ನ. ಅವೆರಡರಿಂದಲೇ ಅವಳು ಎಲ್ಲವನ್ನೂ ಹೇಳಿದಳು. ಅವ್ವ ಅದಕ್ಕೆ ಉದ್ದುದ್ದ ಉತ್ತರ ಕೊಡುತ್ತಿದ್ದಳು: ಇಂದು ಯಾವ ಪಾವು, ಎಂದರೆ ಹಾಸಿನ ನೂಲು ಬಂತು, ಬೀದಿಯಲ್ಲಿ ಯಾರ ಮನೆಯ ಮೇಕೆ ಈಯಿತು, ಅವರಿಬ್ಬರೂ ಚಿಕ್ಕವರಿದ್ದಾಗ ಯಾರ ಹುಣಿಸೆ ಕದ್ದದ್ದು. ಕೆಲವು ದಿನ ಇಬ್ಬರೂ ಸುಮ್ಮನೆ ಮುಖ ನೋಡಿಕೊಂಡು ಕೂರುತ್ತಿದ್ದರು. ವೇದಿಕೆಯ ಮೇಲೆ ಮಾತು ನಿಂತರೆ ಸೋತಂತೆ ಎಂದು ನನಗೆ ಕಲಿಸಿದ್ದರು. ಆ ಮೌನ ಪರದೆಯ ಮೇಲೆ ಎಲ್ಲೂ ನಿಲ್ಲದೆ, ಚಕ್ರ ತಿರುಗದೆ, ಸರಾಗವಾಗಿ ಬರುತ್ತಿತ್ತು.

ಪೊಂಗಲ್ ಬರುವ ತೈ ತಿಂಗಳ ಒಂದು ಮಧ್ಯಾಹ್ನ ಮಲರ್ ತಾನೇ ಕರೆದಳು. ಅವ್ವ ದೊಡ್ಡಪ್ಪನ ಮನೆಯಲ್ಲಿದ್ದಳು. ಯಂತ್ರ ನಿಂತದ್ದು ಕೇಳಿಸಿತು. ರಜೆಯಿಲ್ಲದ ದಿನ ಆ ಸದ್ದು ನಿಲ್ಲುವುದು ಅಪರೂಪ. ನಾನು ಹೋದೆ. ನನ್ನ ಹಿಂದೆ ಅಪ್ಪನೂ ಬಂದು ಹೊಸಿಲ ಹೊರಗೇ ನಿಂತ. ದೊಡ್ಡಪ್ಪ ಅವನನ್ನು ನೋ‍ಡಿ ಬಾಗಿಲಿನಿಂದ ಸ್ವಲ್ಪ ಸರಿದ, ಅಷ್ಟೇ. ಅಪ್ಪ ಒಳಗೆ ಬಂದ. ಅವರು ಮಾತಾಡಲಿಲ್ಲ. ಈಗಲೂ ಆಡುವುದಿಲ್ಲ.

ಪರದೆಯ ಮೇಲೆ ಅರೂರವ್ವನ ಕಣ್ಣು ಅರ್ಧ ಮುಚ್ಚಿತ್ತು. ಮಲರ್ ಏನು ಮಾಡಬೇಕೆಂದು ತಿಳಿಯದೆ ಫೋನು ಹಿಡಿದು ನಿಂತಿದ್ದಳು. ಅವ್ವ ಅಳಲಿಲ್ಲ. "ಬಾಯಿಗೆ ಆಲು ಬುಡು, ಮಲರೂ" ಎಂದಳು. ಹೋಗುವವರ ಬಾಯಿಗೆ ಹತ್ತಿರದವರು ಒಂದು ಚಮಚ ಹಾಲು ಬಿಡಬೇಕು. ಮಲರ್ ಈ ಸಲ ಯಾರನ್ನೂ ಕರೆಯಲು ಓಡಲಿಲ್ಲ. ಲೋಟ ತಂದು, ಒಂದು ಚಮಚ ಬಿಟ್ಟಳು.

"ಇನ್ನೊಂದು ಬುಡು. ಅದು ನಂದು" ಎಂದಳು ಅವ್ವ.

ಮಲರ್ ಇನ್ನೊಂದು ಚಮಚ ಬಿಟ್ಟಳು. ಅದರ ಅರ್ಧ ಕೆನ್ನೆಯ ಮೇಲೆ ಹರಿಯಿತು. ಅವ್ವ ಸೆರಗಿನ ತುದಿಯಿಂದ ಪರದೆಯನ್ನು ಒರೆಸಿದಳು.

ಈಗ ಏನಾಗಿದೆ ಎಂದರೆ, ಮಲರ್ ಇಂದಿಗೂ ಅದೇ ಹೊತ್ತಿಗೆ ಅವ್ವನಿಗೆ ಫೋನ್ ಮಾಡುತ್ತಾಳೆ. ಕರೆಯಬೇಕಾದ ಕಾರಣವೇನೂ ಇಲ್ಲ. ಅವಳ ಮೊದಲ ಮಾತು ತಮಿಳಿನಲ್ಲಿರುವುದಿಲ್ಲ. "ಪೆರಿಯತ್ತೆ, ಆಲು ಕುಡಿದ್ರಾ?" ಎಂದು ಕೇಳುತ್ತಾಳೆ. ಹಕಾರವಿಲ್ಲ. ತಂತಿಯ ಮೇಲೆ ಬಂದ ನಮ್ಮ ಮನೆಯ ಕನ್ನಡ ಅವಳ ಬಾಯಿಗೆ ಹಾಗೇ ಹತ್ತಿಕೊಂಡಿದೆ, ಸವೆದಿದ್ದು ಸವೆದ ಹಾಗೆಯೇ. ಅವ್ವ ನನ್ನ ಎವರ್‌ಸಿಲ್ವರ್ ತೂಕನ್ನು ಪರದೆಗೆ ತೋರಿಸಿ, "ಇಗೋ, ಕಾಸಿವ್ನಿ" ಎನ್ನುತ್ತಾಳೆ. ನಾನು ಆ ಪಾತ್ರೆಯನ್ನು ಗೆದ್ದ ವಾದವನ್ನು ಇನ್ನೂ ವಾಪಸು ಪಡೆದಿಲ್ಲ. ಇಬ್ಬರು ಮುದುಕಿಯರು, ಒಬ್ಬಳು ಸೊಸೆ, ಒಂದು ತಂತಿ. ಇಷ್ಟರಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಅದನ್ನು ಇನ್ನೊಮ್ಮೆ ಯಾವ ವೇದಿಕೆಯ ಮೇಲೂ ಹೇಳಿಲ್ಲ.

ನೆಟ್ಟು ಈಗ ಎಲ್ಲರ ಮನೆಗೂ ಬಂದಿದೆ. ನಮ್ಮ ಬೀದಿಯ ಆಕಾಶದಲ್ಲಿ ಪಾವಿನ ಎಳೆಗಳಿಗಿಂತ ಕೇಬಲ್ಲಿನ ಎಳೆಗಳೇ ಹೆಚ್ಚು. ಆದರೂ ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಲೇ ಪಾಸ್‌ವರ್ಡ್ ಕೇಳುತ್ತಾರೆ. ಮೊನ್ನೆ ದೊಡ್ಡಪ್ಪನ ಮನೆಗೆ ಓಮಲೂರಿನ ನೆಂಟರು ಬಂದಿದ್ದರು. ಯಾರೋ ಗೋಡೆಯಾಚೆಯಿಂದ ಕೂಗಿ ಕೇಳಿದರು. ಅಪ್ಪ ಮಗ್ಗದಿಂದ ಎದ್ದು ಹಿತ್ತಿಲಿಗೆ ಬಂದು, ಗೋಡೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಹೇಳಿದ:

"ಒನ್ನಮ್ಮ!"

ಒಳಗೆ ಕತ್ತಲ ಕೋಣೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಸದ್ದು ನಿಂತಿತು.

"ಓ" ಎಂದಳು ಅವ್ವ, ತಂಗಿಗೆ ಓಗೊಡುವ ದನಿಯಲ್ಲಿ. "ಬಂದೆ ಕಣೇ."